ಮೈಸೂರಲ್ಲಿ ಬರೆದ ಡಿವಿಡಿ ಅಮೆರಿಕದ ಟಿವಿಯಲ್ಲಿ

ಮದುವೆ ಡಿವಿಡಿ ಅಮೆರಿಕದಲ್ಲಿ ಓಡುತ್ತಾ ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಮರುಪ್ರಶ್ನೆ: ಅಲ್ಲಿ ಟಿವಿಗೆ ಹಾಕ್ತಾರಾ, ಕಂಪ್ಯೂಟರಿಗಾ? ಕಂಪ್ಯೂಟರಿಗಾದರೆ ಚಿಂತೆಯಿಲ್ಲ, ವಿಎಲ್‌ಸಿ ಎಂಬ ಉಚಿತ ವಿಡಿಯೊ ಸಾಫ್ಟ್‌ವೇರ್ ಹಾಕಿಕೊಂಡರೆ ನಮ್ಮ ಡಿಸ್ಕ್ ನಡೆಯುತ್ತದೆ. ತಲೆನೋವೆಲ್ಲ ಟಿವಿ ಕೆಳಗೆ ಕೂತಿರುವ ಪ್ಲೇಯರಿನದು.

ಮೈಸೂರು, ಮಂಡ್ಯ ಕಡೆಯ ಛತ್ರಗಳಲ್ಲಿ ಮದುವೆ, ನಾಮಕರಣದ ವಿಡಿಯೊ ತೆಗೆಯುವುದು ನನ್ನ ಕಸುಬು. ಹೊಸದಾಗಿ ಡಿವಿಡಿ ಕೇಳುವವರು ಈಗ ಕಡಿಮೆ. ಹಳೇ ಮದುವೆ ಡಿಸ್ಕ್ ಹಿಡಿದು ‘ಮಗನಿಗೆ ಕಳಿಸಬೇಕು’ ಎಂದು ಬರುವವರು ಮಾತ್ರ ನಿಂತಿಲ್ಲ.

ಓಡದಿದ್ದರೆ ಎಲ್ಲರೂ ಮೊದಲು ದೂರುವುದು ರೀಜನ್ ಕೋಡನ್ನು. ಅದು ಆಯಾ ಪ್ರದೇಶದ ಪ್ಲೇಯರಿನಲ್ಲಷ್ಟೇ ಓಡಲೆಂದು ಸಿನಿಮಾ ಕಂಪನಿಗಳು ತಾವು ಮಾರುವ ಡಿಸ್ಕಿಗೆ ಹಾಕುವ ಬೀಗ: ಭಾರತಕ್ಕೆ 5, ಅಮೆರಿಕ ಮತ್ತು ಕೆನಡಾಕ್ಕೆ 1, ಬ್ರಿಟನ್ ಮತ್ತು ಪಶ್ಚಿಮ ಯುರೋಪಿಗೆ 2. ನಾವು ಮನೆಯಲ್ಲೋ ಸ್ಟುಡಿಯೊದಲ್ಲೋ ಬರೆದ ಡಿಸ್ಕಿಗೆ ಸಾಮಾನ್ಯವಾಗಿ ಆ ಬೀಗವೇ ಇರುವುದಿಲ್ಲ. ಅಡ್ಡ ಬರುವುದು ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬ ಎರಡು ಬೇರೆ ಬೇರೆ ಟಿವಿ ಪದ್ಧತಿಗಳು. ನಮ್ಮ ಪಾಲ್ ಡಿಸ್ಕಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಫ್ರೇಮಿಗೆ 576 ಗೆರೆ. ಅಮೆರಿಕ, ಕೆನಡಾ, ಜಪಾನಿನ ಎನ್‌ಟಿಎಸ್‌ಸಿಯಲ್ಲಿ 29.97 ಫ್ರೇಮ್, 480 ಗೆರೆ. ಅಲ್ಲಿನ ಎಷ್ಟೋ ಪ್ಲೇಯರ್‌ಗಳು ಪಾಲ್ ಡಿಸ್ಕನ್ನು ಓದುವುದೇ ಇಲ್ಲ. ಓದಿದರೂ ಹಳೇ ಟಿವಿಯಲ್ಲಿ ಚಿತ್ರ ಕಪ್ಪುಬಿಳುಪಾಗಿ ಉರುಳತೊಡಗುತ್ತದೆ.

ಜನಕ್ಕೆ ಇದನ್ನು ಒಪ್ಪಿಸುವುದೇ ಕಷ್ಟ. ‘ಅಲ್ಲ ಸ್ವಾಮಿ, ನಮ್ಮನೇಲಿ ಚೆಂದಾಗಿ ಬತ್ತದೆ, ಮಗಳ ಮನೇಲಿ ಬರಾಕಿಲ್ವಂತೆ. ಅದೆಂಗೆ?’ ಎಂದು ಮಂಡ್ಯದ ಹಿರಿಯರೊಬ್ಬರು ನನ್ನನ್ನೇ ಅನುಮಾನದಿಂದ ನೋಡಿದ್ದರು. ನಮ್ಮ ಕಡೆಯ ಪ್ಲೇಯರ್, ಟಿವಿಗಳು ಹೆಚ್ಚಾಗಿ ಎರಡನ್ನೂ ತೋರಿಸುತ್ತವೆ. ಅಳಿಯ ಅಲ್ಲಿಂದ ಕಳಿಸಿದ್ದು ಇಲ್ಲಿ ಓಡುತ್ತದೆ, ಮಾವ ಕಳಿಸಿದ್ದು ಅಲ್ಲಿ ಓಡುವುದಿಲ್ಲ. ಹಾಗಾಗಿ ಮೈಸೂರಿನಲ್ಲಿ ಹಾಕಿ ನೋಡಿದ್ದನ್ನು ನಾನು ಪರೀಕ್ಷೆ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಅಮೆರಿಕಕ್ಕಾದರೆ ಎನ್‌ಟಿಎಸ್‌ಸಿ ಡಿಸ್ಕನ್ನೇ ಬೇರೆ ಮಾಡಿಕೊಡುತ್ತೇನೆ. ಕ್ಯಾಮೆರಾದ ಮೂಲ ಮಿನಿ ಡಿವಿ ಟೇಪ್ ಇದ್ದರೆ ಅದರಿಂದಲೇ ಶುರು, ಇಲ್ಲದಿದ್ದರೆ ಡಿಸ್ಕಿನಲ್ಲಿ ವಿಡಿಯೊ ಕೂತಿರುವ ವಿಡಿಯೊ_ಟಿಎಸ್ ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳುತ್ತೇನೆ. ಕಷ್ಟ ಇರುವುದು ಫ್ರೇಮಿನಲ್ಲಿ. ಸೆಕೆಂಡಿಗೆ ಸುಮಾರು 5 ಫ್ರೇಮ್ ಹೊಸದಾಗಿ ಹುಟ್ಟಬೇಕು. ಅಗ್ಗದ ಕನ್ವರ್ಟರ್‌ಗಳು ಇದ್ದ ಫ್ರೇಮನ್ನೇ ಎರಡೆರಡು ಸಲ ತೂರಿಸಿ ಕೈತೊಳೆದುಕೊಳ್ಳುತ್ತವೆ. ಧಾರೆ ಎರೆಯುವಾಗ ಕ್ಯಾಮೆರಾ ಅಲ್ಲಾಡದೆ ನಿಂತಿರುತ್ತದೆ, ಅಲ್ಲಿ ಗೊತ್ತಾಗದು. ಊಟದ ಪಂಕ್ತಿಯ ಉದ್ದಕ್ಕೂ ಕ್ಯಾಮೆರಾ ತಿರುಗಿಸಿದ ಜಾಗ ನೋಡಿ: ಬಾಳೆಎಲೆ, ಬಡಿಸುವವರ ಕೈ ಎಲ್ಲ ಜಗ್ಗಿ ಜಗ್ಗಿ ಸಾಗುತ್ತವೆ. ಇಂಥ ವಿಡಿಯೊದ ಒಂದೊಂದು ಫ್ರೇಮೂ ಗೆರೆ ಬಿಟ್ಟು ಗೆರೆ ತೆಗೆದ ಎರಡು ಅರ್ಧ ಚಿತ್ರಗಳ (ಫೀಲ್ಡ್) ಜೋಡಿ. ಅದಕ್ಕೇ ನಾನು ಮೊದಲು ಡೀಇಂಟರ್‌ಲೇಸ್ ಮಾಡಿ, ಅಂದರೆ ಒಂದೊಂದು ಅರ್ಧವನ್ನೂ ಪೂರ್ತಿ ಮಾಡಿ, ಸೆಕೆಂಡಿಗೆ 50 ಪೂರ್ತಿ ಫ್ರೇಮ್ ತೆಗೆದು, ಆಮೇಲೆ 480 ಗೆರೆಗೆ ಇಳಿಸಿ, ಮತ್ತೆ ಎನ್‌ಟಿಎಸ್‌ಸಿ ಫೀಲ್ಡ್‌ಗಳಿಗೆ ಹೊಂದಿಸುತ್ತೇನೆ. ಕಂಪ್ಯೂಟರ್ ಇದನ್ನೆಲ್ಲ ಮಾಡಿ ಮುಗಿಸಲು (ರೆಂಡರ್) ರಾತ್ರಿಯೆಲ್ಲ ಹಿಡಿದರೂ ಪಂಕ್ತಿ ಸಲೀಸಾಗಿ ಸಾಗುತ್ತದೆ. ಬೆಳಿಗ್ಗೆ ಎದ್ದು ನಾನು ಮೊದಲು ನೋಡುವುದೂ ಆ ಊಟದ ಸಾಲನ್ನೇ.

ಧ್ವನಿಯ ಕಡೆ ಬಹಳ ಜನ ನೋಡುವುದಿಲ್ಲ. ಪಾಲ್ ಡಿಸ್ಕಿನಲ್ಲಿ ಎಂಪೆಗ್ ಆಡಿಯೊ ಒಂದೇ ಇದ್ದರೂ ನಡೆಯುತ್ತದೆ. ಎನ್‌ಟಿಎಸ್‌ಸಿಗೆ ಡಾಲ್ಬಿ ಡಿಜಿಟಲ್ (ಎಸಿ3 ಅನ್ನುವುದೂ ಇದನ್ನೇ) ಅಥವಾ ಪಿಸಿಎಂ ಎಂಬ ಬಗೆಯ ಧ್ವನಿ ಬೇಕೇ ಬೇಕು, ಇಲ್ಲದಿದ್ದರೆ ಚಿತ್ರ ಬಂದು ನಾದಸ್ವರ ಬಾರದೆ ಹೋಗಬಹುದು. ಡಿವಿಡಿ ಸ್ಟೈಲರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎನ್‌ಟಿಎಸ್‌ಸಿ, ಎಸಿ3 ಎಂದು ಆರಿಸಿಕೊಂಡರೆ ಮೆನು ಸಮೇತ ಡಿಸ್ಕ್ ಸಿದ್ಧ. 4.7 ಜಿಬಿಯ ಡಿಸ್ಕಿಗೆ ಎರಡು ಗಂಟೆಗಿಂತ ಹೆಚ್ಚು ತುರುಕುವುದಿಲ್ಲ. ಡಿವಿಡಿ-ಆರ್ ಬಳಸುತ್ತೇನೆ, ಕಡಿಮೆ ವೇಗದಲ್ಲಿ ಬರೆಯುತ್ತೇನೆ. ಮೇಲೆ ಕಾಗದದ ಲೇಬಲ್ ಅಂಟಿಸುವುದಿಲ್ಲ, ತಿರುಗುವಾಗ ತೂಕ ತಪ್ಪುತ್ತದೆ.

ಮನೆಯ ಡಿವಿಡಿ ರೆಕಾರ್ಡರಿನಲ್ಲಿ ಬರೆದವರು ಫೈನಲೈಸ್ ಮಾಡಿದೆಯಾ ನೋಡಿ, ಅಂದರೆ ಬೇರೆ ಪ್ಲೇಯರ್‌ಗಳೂ ಓದುವಂತೆ ಡಿಸ್ಕನ್ನು ಮುಗಿಸುವ ಕೊನೆಯ ಹಂತ. ಅದಾಗದ ಡಿಸ್ಕ್ ಬರೆದ ಯಂತ್ರದಲ್ಲಿ ಓಡುತ್ತದೆ, ಪಕ್ಕದ ಮನೆಯಲ್ಲೇ ಓಡದಿರಬಹುದು, ಇನ್ನು ಅಮೆರಿಕದ ಮಾತೆಲ್ಲಿ.

ಲಂಡನ್, ಸಿಂಗಪುರ, ದುಬೈ, ಆಸ್ಟ್ರೇಲಿಯಾಕ್ಕೆ ಹೋಗುವುದಾದರೆ ಇಷ್ಟೆಲ್ಲ ರಗಳೆ ಇಲ್ಲ. ಅಲ್ಲೂ ಪಾಲ್, ಫೈನಲೈಸ್ ಆಗಿದ್ದರೆ ಸಾಕು. ಕೆಲವರು ‘ಎಲ್ಲದಕ್ಕೂ ಇರಲಿ’ ಎಂದು ಅಲ್ಲಿಗೂ ಎನ್‌ಟಿಎಸ್‌ಸಿ ಮಾಡಿಸುತ್ತಾರೆ. ಬೇಡ ಅನ್ನುತ್ತೇನೆ, 96 ಗೆರೆ ಸುಮ್ಮನೆ ಯಾಕೆ ಕಳೆದುಕೊಳ್ಳಬೇಕು? ಯಾವ ದೇಶಕ್ಕೇ ಇರಲಿ, ಡಿಸ್ಕಿನ ಜೊತೆ ಒಂದು ಪೆನ್‌ಡ್ರೈವಿಗೆ ಎಂಪಿ4 ಹಾಕಿಕೊಡುತ್ತೇನೆ, ಅದಕ್ಕೆ ಬೇರೆ ಚಾರ್ಜ್ ಇಲ್ಲ. ಎನ್‌ಟಿಎಸ್‌ಸಿ ಡಿಸ್ಕಿಗೆ ಇದೆ. ‘ಅದೇ ಮದುವೆ ತಾನೇ, ಇನ್ನೊಂದ್ಸಲ ಯಾಕೆ ದುಡ್ಡು?’ ಎಂದು ಚೌಕಾಸಿ ಮಾಡುವವರಿಗೆ ಅಗ್ಗದ ಕನ್ವರ್ಟರಿನ ಡಿಸ್ಕು, ನನ್ನ ಡಿಸ್ಕು ಎರಡರ ಊಟದ ಪಂಕ್ತಿಯನ್ನೂ ಹಾಕಿ ತೋರಿಸುತ್ತೇನೆ.