ಕ್ಲಚ್ ಪ್ಲೇಟ್ ವಾರಂಟಿಗೆ ಬರಲ್ಲ ಸರ್

ಕಾರು ತಗೊಂಡ ದಿನ ಶಿವಮೊಗ್ಗದ ಶೋರೂಮಿನಲ್ಲಿ ನನ್ನ ತಲೆಗೆ ಹೋಗಿದ್ದು ಒಂದೇ ಮಾತು: 3 ವರ್ಷ, 1 ಲಕ್ಷ ಕಿಲೋಮೀಟರ್. ತೀರ್ಥಹಳ್ಳಿ ಆಚೆಯ ತೋಟದ ಮನೆ ನಮ್ಮದು, ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಲಕ್ಷ ಮುಟ್ಟೋದು ಯಾವ ಕಾಲಕ್ಕೋ ಅಂತ ನಿಶ್ಚಿಂತೆಯಿಂದಿದ್ದೆ. ಬಾಲದಲ್ಲಿದ್ದ ‘ಯಾವುದು ಮೊದಲೋ ಅದು’ ಅನ್ನೋದನ್ನ ಓದಿರಲಿಲ್ಲ. ನನ್ನಂಥವನಿಗೆ ಮೊದಲು ತುಂಬೋದು ವರ್ಷ, ಮೀಟರಲ್ಲ.

ಸರ್ವಿಸ್ಸಿಗೂ ಅದೇ ಲೆಕ್ಕ. ನನ್ನ ಕಾರಿಗೆ 10 ಸಾವಿರ ಕಿಲೋಮೀಟರ್ ಅಥವಾ 1 ವರ್ಷ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ‘ಇನ್ನೂ ಆರೇ ಸಾವಿರ ಆಗಿದೆಯಲ್ಲ’ ಅಂತ ಬಿಟ್ಟಿದ್ದೆ. ಸರ್ವಿಸ್ ತಪ್ಪಿದ್ದನ್ನೇ ನೆಪ ಮಾಡಿ ಕ್ಲೇಮ್ ತಳ್ಳಿಹಾಕಬಹುದು ಅಂತ ಗೊತ್ತಾದ ಮೇಲೆ ಓಡಿದೆ. ಫ್ರೀ ಸರ್ವಿಸ್ ಅಂದರೆ ಕೂಲಿ ಮಾತ್ರ ಫ್ರೀ, ಆಯಿಲ್ಲು ಫಿಲ್ಟರಿನ ದುಡ್ಡು ನಮ್ಮದೇ ಅಂತಲೂ ಅವತ್ತೇ ತಿಳಿದದ್ದು.

ಎರಡೂವರೆ ವರ್ಷಕ್ಕೆ ಕ್ಲಚ್ ಜಾರತೊಡಗಿತು. ವಾರಂಟಿ ಇದೆಯಲ್ಲ ಅಂತ ಧೈರ್ಯವಾಗಿ ಹೋದೆ. ‘ಕ್ಲಚ್ ಪ್ಲೇಟ್ ವಾರಂಟಿಗೆ ಬರಲ್ಲ ಸರ್, ಅದು ಸವೆಯೋ ಐಟಮ್ಮು’ ಅಂದ ಸರ್ವಿಸ್ ಸೆಂಟರಿನ ಹುಡುಗ. ಬ್ರೇಕ್ ಪ್ಯಾಡು, ವೈಪರ್ ರಬ್ಬರೂ ಅದೇ ಗುಂಪು. ನನಗೆ ಸಿಟ್ಟು ಬಂತು. ಪ್ಲೇಟ್ ಬಿಚ್ಚಿ ತೋರಿಸಿದ, ಸುಟ್ಟು ಕಪ್ಪಾಗಿತ್ತು. ಮನೆ ಮುಂದಿನ ಕೆಸರಿನ ಏರು, ತಿಂಗಳಿಗೆರಡು ಸಲ ಆಗುಂಬೆ ಘಾಟಿ, ಎಲ್ಲ ಕಡೆ ಹಾಫ್ ಕ್ಲಚ್ಚಿನಲ್ಲೇ, ಅಂದರೆ ಪೆಡಲ್ ಅರ್ಧ ಒತ್ತಿಕೊಂಡೇ ಏರಿಸಿದವನು ನಾನೇ. ಕಂಪನಿ ಹೊರೋದು ಅದರ ತಯಾರಿಕೆಯ ತಪ್ಪನ್ನ, ನನ್ನ ಕಾಲಿನದ್ದನ್ನಲ್ಲ. ಬಿಲ್ 11 ಸಾವಿರದ ಚಿಲ್ಲರೆ.

ಅದೇ ಸಲ ಎಡಗಡೆಯ ಪವರ್ ವಿಂಡೋ ಮೋಟಾರು ಕೆಟ್ಟಿತ್ತು. ಅದನ್ನ ಒಂದು ರೂಪಾಯಿ ಇಲ್ಲದೆ ಬದಲಿಸಿಕೊಟ್ಟರು. ಅದಕ್ಕೂ ಮುಂಚೆ ನಾನು ಹೊರಗೆ ಹಾಕಿಸಿದ್ದ ಮಂಜಿನ ಲೈಟಿನ ವೈರಿಂಗನ್ನ ಹತ್ತು ನಿಮಿಷ ಬಗ್ಗಿ ನೋಡಿದರು. ಪುಣ್ಯಕ್ಕೆ ನಮ್ಮೂರ ಎಲೆಕ್ಟ್ರಿಷಿಯನ್ ಮೂಲ ವೈರ್ ಕತ್ತರಿಸದೆ ಕಪ್ಲರ್, ಅಂದರೆ ಜೋಡಿಸೋ ಪ್ಲಗ್ಗು ಹಾಕಿದ್ದ. ಕತ್ತರಿಸಿದ್ದರೆ ಅದನ್ನೇ ನೆಪ ಮಾಡಬಹುದಿತ್ತು.

ಮಳೆಗಾಲದ್ದು ಬೇರೆ ಕತೆ. ಅಡಿಕೆ ಮನೆ ಪಕ್ಕ ನಿಲ್ಲಿಸಿದ ಕಾರಿನ ವೈರನ್ನ ಇಲಿ ಕಡಿದುಹಾಕಿತು. ಇದೂ ವಾರಂಟಿಯಲ್ಲ. ಫುಲ್ ಇನ್ಶೂರೆನ್ಸ್ ಇದ್ದದ್ದರಿಂದ ಬಚಾವಾದೆ. ಅಲ್ಲೂ ಕಡ್ಡಾಯವಾಗಿ ನಾವೇ ಕಟ್ಟೋ 1 ಸಾವಿರ, ಮೇಲೆ ಪ್ಲಾಸ್ಟಿಕ್ಕು ರಬ್ಬರಿಗೆ ಅರ್ಧದಷ್ಟು ಸವಕಳಿ ಕಳೆದೇ ಕೊಟ್ಟರು.

ಮೂರು ವರ್ಷ ತುಂಬಲು ಇಪ್ಪತ್ತು ದಿನ ಇರುವಾಗ ವಾರಂಟಿ 2 ವರ್ಷ ಮುಂದುವರಿಸಿಕೊಂಡೆ. ಅವಧಿ ಮುಗಿದಿದ್ದರೆ ಆಗ್ತಿರಲಿಲ್ಲ. ಜೊತೆಗೆ ಸರ್ವಿಸ್ಸಿನ ದುಡ್ಡು ಮೊದಲೇ ಕಟ್ಟೋ ಪ್ಯಾಕೇಜೂ ಮಾಡಿಸಿ ಅಂದರು. ‘ಕ್ಲಚ್ ಪ್ಲೇಟ್ ಇದೆಯಾ ಅದರಲ್ಲಿ?’ ಅಂತ ಕೇಳಿದೆ. ಹುಡುಗ ಪಟ್ಟಿ ತಿರುಗಿಸಿ ನೋಡಿದ. ಇರಲಿಲ್ಲ. ಆಯಿಲ್, ಫಿಲ್ಟರ್, ಕೂಲಿ ಅಷ್ಟೇ. ನನ್ನ ಓಡಾಟಕ್ಕೆ ವರ್ಷಕ್ಕೊಂದೇ ಸರ್ವಿಸ್, ಆಯಾ ಸಲವೇ ಕಟ್ಟಿದರೂ ಹೆಚ್ಚೇನೂ ವ್ಯತ್ಯಾಸ ಬೀಳ್ತಿರಲಿಲ್ಲ. ಬೇಡ ಅಂದು ಎದ್ದೆ.