ಚೆಂಡು ಬಿಟ್ಟು ಕಾಲು ನೋಡುವುದು: ಲೈನ್‌ಮನ್‌ಗಳನ್ನು ನಾನು ಅಳೆಯುವ ಬಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅಫೆನ್ಸಿವ್ ಲೈನ್‌ನ, ಅಂದರೆ ಮುಂದೆ ಸಾಲಾಗಿ ನಿಂತು ಎದುರಾಳಿಗಳನ್ನು ತಡೆಯುವ ಐವರಿಗೆ (ನಡುವೆ ಸೆಂಟರ್, ಅವನ ಅಕ್ಕಪಕ್ಕ ಗಾರ್ಡ್, ಎರಡು ತುದಿಗೆ ಟ್ಯಾಕಲ್) ಹೇಳಿಕೊಳ್ಳುವಂಥ ಅಂಕಿಅಂಶವೇ ಇಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಯಾರ್ಡ್ ಇದೆ, ಚೆಂಡು ಹಿಡಿದು ಓಡುವವನಿಗೆ ಟಚ್‌ಡೌನ್ ಇದೆ. ಇವರ ಹೆಸರು ಕಾಮೆಂಟರಿಯಲ್ಲಿ ಕೇಳಿಸುವುದು ಹೆಚ್ಚಾಗಿ ಎದುರಾಳಿಯನ್ನು ಹಿಡಿದೆಳೆದ ತಪ್ಪಿಗೆ ಹೋಲ್ಡಿಂಗ್ ಪೆನಾಲ್ಟಿ ಬಿದ್ದಾಗ. ಹಾಗಾಗಿ ಕಾಲೇಜಿನ ಹುಡುಗನೊಬ್ಬ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ನಿಲ್ಲುತ್ತಾನೋ ಇಲ್ಲವೋ ತಿಳಿಯಬೇಕಾದರೆ ಕೂತು ವಿಡಿಯೊ ನೋಡಲೇಬೇಕು. ಒಹಾಯೊಗೆ ಬಂದು ನೆಲೆಸಿದ ಮೇಲೆ ನನಗೆ ಈ ಆಟದ ಹುಚ್ಚು ಹತ್ತಿತು. ಈಗ ಪ್ರತಿ ಚಳಿಗಾಲ, ಆಫೀಸ್ ಕೆಲಸ ಮುಗಿದ ಮೇಲೆ, ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಏಪ್ರಿಲ್‌ನ ಡ್ರಾಫ್ಟ್‌ಗೆ ಮುಂಚೆ ಗೆಳೆಯರ ಚಿಕ್ಕ ಗುಂಪೊಂದಕ್ಕೆ ಲೈನ್‌ಮನ್‌ಗಳ ವರದಿ ಬರೆಯುತ್ತೇನೆ.

ಈ ಕೆಲಸಕ್ಕೆ ಮೊದಲು ಬೇಕಾದದ್ದು ಚೆಂಡಿನಿಂದ ಕಣ್ಣು ಕೀಳುವ ಅಭ್ಯಾಸ. ಒಂದು ಸ್ನ್ಯಾಪನ್ನು, ಅಂದರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಶುರುವಾಗುವ ಆಟದ ಒಂದು ತುಣುಕನ್ನು, ಮೂರು ಸಲ ಓಡಿಸುತ್ತೇನೆ: ಒಮ್ಮೆ ಕಾಲಿಗೆ, ಒಮ್ಮೆ ಕೈಗೆ, ಒಮ್ಮೆ ತಲೆ ಎತ್ತ ತಿರುಗಿತು ಅನ್ನುವುದಕ್ಕೆ. ತಂಡಗಳ ಬಳಿ ಇಡೀ ಮೈದಾನ ಕಾಣುವ ವಿಡಿಯೊ ಇರುತ್ತದೆ. ನಮ್ಮಂಥವರಿಗೆ ಸಿಗುವುದು ಬಹುಪಾಲು ಟಿವಿ ಪ್ರಸಾರ. ಪಕ್ಕದ ಕ್ಯಾಮೆರಾದಲ್ಲಿ ಕಾಲು ಚೆನ್ನಾಗಿ ಕಾಣುತ್ತದೆ, ಕೈ ಎಲ್ಲಿ ಬಿತ್ತು ಅನ್ನುವುದು ಕಾಣುವುದಿಲ್ಲ. ಅದಕ್ಕೇ ಹಿಂದಿನಿಂದ ತೋರಿಸುವ ರೀಪ್ಲೇ ಬಂದರೆ ನಾನು ಬಿಡುವುದೇ ಇಲ್ಲ.

ಯಾವ ಸ್ನ್ಯಾಪ್ ನೋಡಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಇಂದಿನ ಕಾಲೇಜು ಆಟದಲ್ಲಿ ಸ್ಕ್ರೀನ್ ಪಾಸು (ಹತ್ತಿರದಲ್ಲೇ ಕೊಡುವ ಪುಟ್ಟ ಪಾಸು), ಪ್ಲೇ ಆಕ್ಷನ್ (ಓಡುವವನಿಗೆ ಕೊಟ್ಟಂತೆ ನಟಿಸಿ ಎಸೆಯುವುದು), ಆರ್‌ಪಿಒ (ಓಟವೋ ಪಾಸೋ ಅಂತ ಆ ಕ್ಷಣದಲ್ಲೇ ನಿರ್ಧರಿಸುವುದು) ಹೆಚ್ಚು. ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಕ್ಷಣದಲ್ಲಿ ಹೋಗಿಬಿಡುತ್ತದೆ, ಇಲ್ಲವೇ ಎದುರಾಳಿ ಓಟವೆಂದು ಮೋಸಹೋಗುತ್ತಾನೆ, ಟ್ಯಾಕಲ್ ಒಂದು ತಳ್ಳು ತಳ್ಳಿ ಸುಮ್ಮನೆ ನಿಂತರೂ ನಡೆಯುತ್ತದೆ. ಅಂಥ ಐವತ್ತು ಸ್ನ್ಯಾಪ್ ನೋಡಿದರೂ ಅವನ ಬಗ್ಗೆ ಏನೂ ತಿಳಿಯದು. ನಾನು ಹುಡುಕುವುದು ಹತ್ತು ಯಾರ್ಡ್ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದಾದ ಥರ್ಡ್ ಡೌನ್‌ನಲ್ಲಿ ಎಂಟು ಹತ್ತು ಯಾರ್ಡ್ ಬೇಕಿರುವಾಗ, ಪಾಸೇ ಬರುತ್ತದೆ ಅಂತ ಎದುರಾಳಿಗೂ ಗೊತ್ತಿರುವಾಗ, ಯಾರ ಸಹಾಯವೂ ಇಲ್ಲದೆ ಒಬ್ಬನೇ ನಿಲ್ಲಬೇಕಾದ ಸ್ನ್ಯಾಪ್‌ಗಳನ್ನು. ಅದರಲ್ಲೂ ಅವನು ಸೋತವು ನನಗೆ ಮೊದಲು ಬೇಕು.

ಸೋಲಿನಲ್ಲಿ ಎರಡು ಬಗೆ. ಒಬ್ಬ ಟ್ಯಾಕಲ್ ಹಿಂದಕ್ಕೆ ಜಾರುವಾಗ ಎರಡೂ ಪಾದ ತಾಗಿಸಿಕೊಂಡು ಎಡವುತ್ತಾನೆ, ಕೈ ಅಗಲಿಸಿ ಎದುರಾಳಿಯ ಭುಜ ಹಿಡಿಯುತ್ತಾನೆ. ಇದು ಕಲಿಸಿದರೆ ಸರಿಹೋಗುವ ದೋಷ. ಇನ್ನೊಬ್ಬ ಎದುರಾಳಿ ದೂರ ಇರುವಾಗಲೇ ನಡು ಬಗ್ಗಿಸಿ ಮುಂದಕ್ಕೆ ಬೀಳುತ್ತಾನೆ, ಮೊಣಕಾಲು ಬಗ್ಗುವುದೇ ಇಲ್ಲ. ಅವನ ಸೊಂಟದಲ್ಲೇ ಆ ಸಡಿಲ ಇಲ್ಲದಿದ್ದರೆ ಯಾವ ಕೋಚ್ ಬಂದರೂ ಕಷ್ಟ. ಇವೆರಡನ್ನು ಬೇರೆ ಮಾಡಿ ನೋಡುವುದೇ ನನ್ನ ಕೆಲಸದ ತಿರುಳು. ಎದುರಾಳಿ ನೇರ ಎದೆಗೆ ಗುದ್ದಿ ನೂಕಿದಾಗ ಎಂಥವನೂ ಒಂದೆರಡು ಹೆಜ್ಜೆ ಹಿಂದೆ ಹೋಗುತ್ತಾನೆ. ಮೂರನೇ ಹೆಜ್ಜೆಯಲ್ಲಿ ಸೊಂಟ ಇಳಿಸಿ, ಎದುರಾಳಿಯ ಕೈ ಕೆಳಗೆ ತನ್ನ ಕೈ ತೂರಿಸಿ, ನೆಲ ಕಚ್ಚಿ ನಿಂತನೇ? ನಿಂತರೆ ಆ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುತ್ತೇನೆ. ನಮ್ಮ ಮೈಸೂರಿನ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬುಡ ತಗ್ಗಿದವನನ್ನು ಎತ್ತಲಾಗದು. ಅಯೋವಾದ ಟ್ಯಾಕಲ್ ಟ್ರಿಸ್ಟನ್ ವರ್ಫ್ಸ್ ಹೈಸ್ಕೂಲಿನಲ್ಲಿ ರಾಜ್ಯ ಮಟ್ಟದ ಕುಸ್ತಿ ಚಾಂಪಿಯನ್. 2020ರಲ್ಲಿ ಡ್ರಾಫ್ಟ್‌ನ 13ನೇ ಆಯ್ಕೆಯಾಗಿ ಟ್ಯಾಂಪಾ ಬೇ ತಂಡಕ್ಕೆ ಹೋದ.

ಹತ್ತಿರದಿಂದ ನೋಡಲು ಒಂದೇ ಪಂದ್ಯ ಹೇಳು ಅಂದರೆ, 2019ರ ಅಕ್ಟೋಬರ್‌ನಲ್ಲಿ ಒಹಾಯೊ ಸ್ಟೇಟ್ ವಿರುದ್ಧ ನಾರ್ತ್‌ವೆಸ್ಟರ್ನ್ ಆಡಿದ್ದು. ನಾರ್ತ್‌ವೆಸ್ಟರ್ನ್ 52-3ರಿಂದ ಸೋತಿತು. ಸ್ಕೋರ್ ಮರೆತು ಎಡಗಡೆಯ ಟ್ಯಾಕಲ್ ರಶಾನ್ ಸ್ಲೇಟರ್‌ನನ್ನೇ ನೋಡಿ. ಎದುರಿಗೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಚೇಸ್ ಯಂಗ್, ಮುಂದಿನ ವರ್ಷ ಡ್ರಾಫ್ಟ್‌ನ ಎರಡನೇ ಆಯ್ಕೆಯಾದವನು. ಯಂಗ್ ಹೊರಗಿನಿಂದ ಬಂದರೂ ಒಳಕ್ಕೆ ಹೊರಳಿದರೂ ಸ್ಲೇಟರ್ ಗಾಬರಿಯಾಗುವುದಿಲ್ಲ. ಭುಜವನ್ನು ತಡವಾಗಿ ತೆರೆಯುತ್ತಾನೆ, ಕಾಲು ಮಾತ್ರ ನಿಲ್ಲದೆ ನಡೆಯುತ್ತಿರುತ್ತದೆ. ಕೋವಿಡ್ ಕಾರಣಕ್ಕೆ 2020ರಲ್ಲಿ ಅವನು ಆಡಲೇ ಇಲ್ಲ. ಹಾಗಾಗಿ ಆ ಪಂದ್ಯಕ್ಕೆ ಇನ್ನಷ್ಟು ತೂಕ ಬಂತು. ತೋಳಿನ ಉದ್ದ 33 ಇಂಚು, ಟ್ಯಾಕಲ್‌ಗೆ ಗಿಡ್ಡವಾಯಿತು, ಗಾರ್ಡ್ ಮಾಡಿ ಅಂದವರೂ ಇದ್ದರು. ಚಾರ್ಜರ್ಸ್ ತಂಡ 2021ರಲ್ಲಿ 13ನೇ ಆಯ್ಕೆಯಲ್ಲಿ ಅವನನ್ನು ತೆಗೆದುಕೊಂಡು ಎಡ ಟ್ಯಾಕಲ್ ಜಾಗಕ್ಕೇ ಇಳಿಸಿತು, ಮೊದಲ ವರ್ಷವೇ ಲೀಗ್‌ನ ಶ್ರೇಷ್ಠರನ್ನು ಆರಿಸುವ ಪ್ರೋ ಬೌಲ್‌ಗೆ ಆಯ್ಕೆಯಾದ.

ಅಳತೆಗಳನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ವಿಡಿಯೊ ಮುಗಿಯುವ ತನಕ ತೆರೆಯುವುದಿಲ್ಲ. ಡ್ರಾಫ್ಟ್‌ಗೆ ಮುಂಚೆ ಆಟಗಾರರನ್ನು ಅಳೆಯುವ ಇಂಡಿಯಾನಾಪೊಲಿಸ್‌ನ ಕಂಬೈನ್ ಶಿಬಿರದಲ್ಲಿ 40 ಯಾರ್ಡ್ ಓಟಕ್ಕೆ ಬಹಳ ಗದ್ದಲ. ಲೈನ್‌ಮನ್ ಪಂದ್ಯದಲ್ಲಿ ಅಷ್ಟು ದೂರ ನೇರ ಓಡುವುದೇ ಅಪರೂಪ. ಮೊದಲ 10 ಯಾರ್ಡ್‌ನ ಸಮಯ ನನಗೆ ಸಾಕು. 225 ಪೌಂಡ್, ಅಂದರೆ ಸುಮಾರು 102 ಕೆಜಿ ಬೆಂಚ್ ಪ್ರೆಸ್ ಇನ್ನೂ ಕಡಿಮೆ ಹೇಳುತ್ತದೆ. 2018ರಲ್ಲಿ ಒಕ್ಲಹೋಮಾದ ಒರ್ಲ್ಯಾಂಡೊ ಬ್ರೌನ್ ಜೂನಿಯರ್ 40 ಯಾರ್ಡ್‌ಗೆ 5.85 ಸೆಕೆಂಡ್ ತೆಗೆದುಕೊಂಡ, ಬೆಂಚ್‌ನಲ್ಲಿ 14 ಸಲ ಎತ್ತಿದ. ಮೂರನೇ ಸುತ್ತಿನವರೆಗೆ ಜಾರಿದ. ಅವನ ಗಾತ್ರವನ್ನು ಸುತ್ತಿಕೊಂಡು ಹೋಗುವುದೇ ಎದುರಾಳಿಗೆ ದೊಡ್ಡ ಪ್ರಯಾಣ ಅನ್ನುವುದು ವಿಡಿಯೊದಲ್ಲಿ ಸ್ಪಷ್ಟವಾಗಿತ್ತು. ಮುಂದೆ ಪ್ರೋ ಬೌಲ್‌ಗೆ ಆಯ್ಕೆಯಾದ, ಕಾನ್ಸಾಸ್ ಸಿಟಿ ಪರ ಲೀಗ್ ಫೈನಲ್ ಆದ ಸೂಪರ್ ಬೌಲ್ ಗೆದ್ದ.

ಸಣ್ಣ ಕಾಲೇಜಿನವರದು ಬೇರೆ ತೊಡಕು, ಎದುರಾಳಿಗಳೇ ದುರ್ಬಲ. ಅಂಥವರಿಗೆ ಅಲಬಾಮಾದ ಮೊಬೀಲ್‌ನಲ್ಲಿ ನಡೆಯುವ ಕಾಲೇಜು ಆಟ ಮುಗಿಸುವವರ ಪ್ರದರ್ಶನ ಪಂದ್ಯ ಸೀನಿಯರ್ ಬೌಲ್‌ನ ಅಭ್ಯಾಸದ ವಾರ ನಿಜವಾದ ಪರೀಕ್ಷೆ. ಅಲ್ಲಿನ ಒಬ್ಬರಿಗೊಬ್ಬರ ಡ್ರಿಲ್ ಡಿಫೆನ್ಸ್ ಕಡೆಗೇ ವಾಲಿದ್ದು. ಜಾಗ ಹೆಚ್ಚು, ಪಕ್ಕದಲ್ಲಿ ಗಾರ್ಡ್ ಇಲ್ಲ. ಅದಕ್ಕೆ ಗೆಲುವು ಸೋಲು ಎಣಿಸುವುದಕ್ಕಿಂತ, ಮೊದಲ ಸಲ ಸೋತವನು ಅದೇ ಎದುರಾಳಿಗೆ ಎರಡನೇ ಸಲ ಏನು ಬದಲಿಸಿದ ಅನ್ನುವುದನ್ನು ಬರೆದುಕೊಳ್ಳುತ್ತೇನೆ. ಮೂರನೇ ಡಿವಿಜನ್‌ನ ಹೋಬಾರ್ಟ್ ಕಾಲೇಜಿನ ಆಲಿ ಮಾರ್ಪೆಟ್ ಆ ವಾರದಲ್ಲಿ ದೊಡ್ಡ ಕಾಲೇಜಿನವರ ಎದುರು ನಿಂತು ತೋರಿಸಿದ. 2015ರಲ್ಲಿ ಎರಡನೇ ಸುತ್ತಿನ 61ನೇ ಆಯ್ಕೆಯಾದ.

ವರದಿಯ ಕೊನೆಯಲ್ಲಿ ನಾನು ಅಂಕ ಕೊಡುವುದಕ್ಕಿಂತ ಮುಖ್ಯವಾಗಿ ಯಾವ ತಂಡದಲ್ಲಿ, ಯಾವ ಜಾಗದಲ್ಲಿ ಅಂತ ಬರೆಯುತ್ತೇನೆ. ಸಿನ್ಸಿನಾಟಿಯ ಜೇಸನ್ ಕೆಲ್ಸಿ ಸುಮಾರು 280 ಪೌಂಡ್ ತೂಗುತ್ತಿದ್ದ, ಸೆಂಟರ್‌ಗೆ ತೀರಾ ಹಗುರ. 2011ರಲ್ಲಿ ಆರನೇ ಸುತ್ತಿನಲ್ಲಿ ಫಿಲಡೆಲ್ಫಿಯಾ ತೆಗೆದುಕೊಂಡಿತು. ಸ್ನ್ಯಾಪ್ ಕೊಟ್ಟು ತಾನೇ ಹೊರಗೋಡಿ ಎದುರಾಳಿ ಲೈನಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ನನ್ನು ತಡೆಯುವ ಕೆಲಸ ಅಲ್ಲಿ ಅವನಿಗೆ ಸಿಕ್ಕಿತು, ಆ ಕೆಲಸಕ್ಕೆ ಅವನಂಥ ಸೆಂಟರ್ ಇನ್ನೊಬ್ಬನಿರಲಿಲ್ಲ. ನನ್ನ ವರದಿಯಲ್ಲಿ ತೂಕದ ಕೆಳಗಿನ ಸಾಲಿಗೇ ಈ ಪ್ರಶ್ನೆ ಬರುತ್ತದೆ: ಇವನನ್ನು ಓಡಿಸುವ ತಂಡವೋ, ಇವನನ್ನು ನಿಲ್ಲಿಸಿ ಗುದ್ದಾಡಿಸುವ ತಂಡವೋ?