ತೀರ್ಥಹಳ್ಳಿ ಕ್ಷೇತ್ರದ ಲೆಕ್ಕ ನಾನು ಬರೆದಿಟ್ಟ ಬಗೆ

ತೀರ್ಥಹಳ್ಳಿ ವಿಧಾನಸಭಾ ಕ್ಷೇತ್ರದ ಚುನಾವಣಾ ಲೆಕ್ಕವನ್ನು ಕೆಲವು ವರ್ಷಗಳಿಂದ ಬರೆದಿಡುತ್ತಿದ್ದೇನೆ. ಯಾವ ಪಕ್ಷದ ಕೆಲಸವೂ ಅಲ್ಲ. ನಮ್ಮ ಕಡೆ ರಾಜಕೀಯದ ಮಾತಿಗೆ ಬರವಿಲ್ಲ, ಆದರೆ ಅಂಕಿ ಇಟ್ಟುಕೊಂಡು ಮಾತಾಡುವವರು ಕಡಿಮೆ. ಅದಕ್ಕೇ ಶುರು ಮಾಡಿದ್ದು.

ಗೆದ್ದವರ ಪಟ್ಟಿ ಮಾಡೋದು ಸುಲಭ. ಚುನಾವಣಾ ಆಯೋಗದ ಹಳೆಯ ವರದಿಗಳು ಅದರ ವೆಬ್‌ಸೈಟಿನಲ್ಲೇ ಇವೆ. 1956ರಲ್ಲಿ ಕೆಲವು ವಾರ ಮುಖ್ಯಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪ ಇಲ್ಲಿಯವರು. 1962 ಮತ್ತು 1967ರಲ್ಲಿ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಗೆದ್ದರು, 1972ರಲ್ಲಿ ಕೋಣಂದೂರು ಲಿಂಗಪ್ಪ. 1994ರಿಂದ ಸತತ ಮೂರು ಸಲ ಬಿಜೆಪಿಯ ಆರಗ ಜ್ಞಾನೇಂದ್ರ. ಆಮೇಲೆ 2008 ಮತ್ತು 2013ರಲ್ಲಿ ಕಾಂಗ್ರೆಸ್‌ನ ಕಿಮ್ಮನೆ ರತ್ನಾಕರ. 2018 ಮತ್ತು 2023ರಲ್ಲಿ ಮತ್ತೆ ಜ್ಞಾನೇಂದ್ರ.

ಸಮಾಜವಾದಿಗಳ ನೆಲ ಬಿಜೆಪಿ ಕಡೆ ಹೊರಳಿದ್ದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಗೇಣಿಗೆ ಉಳುವವರ ಭೂಮಿಯ ಹಕ್ಕಿಗಾಗಿ ಸಮಾಜವಾದಿಗಳು ನಡೆಸಿದ ಗೇಣಿ ಹೋರಾಟ ಗೆದ್ದಿತು. 1974ರ ಭೂಸುಧಾರಣೆ ತಿದ್ದುಪಡಿ ಬಂದಮೇಲೆ ಗೇಣಿದಾರರು ಜಮೀನಿನ ಒಡೆಯರಾದರು. ಅವರ ಮಕ್ಕಳ ಚಿಂತೆ ಅಡಿಕೆ ಧಾರಣೆ, ಬಗರ್ ಹುಕುಂ (ಅನುಮತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನು) ಸಕ್ರಮದ ಅರ್ಜಿ, ರಸ್ತೆ. ಆ ಮಾತಾಡಿದವರ ಕಡೆ ಮತ ಹೋಯಿತು.

ನಿಜವಾದ ಕೆಲಸ ಇರೋದು ಫಾರಂ 20ರಲ್ಲಿ, ಅಂದರೆ ಅಂತಿಮ ಫಲಿತಾಂಶದ ಹಾಳೆಯಲ್ಲಿ. ಒಂದೊಂದು ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಅಂತ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಆದರೆ ಊರ ಹೆಸರು ಇರುವುದಿಲ್ಲ, ಬರೀ ಮತಗಟ್ಟೆ ಸಂಖ್ಯೆ. ಮತದಾರರು ಹೆಚ್ಚಾದರೆ ಒಂದು ಮತಗಟ್ಟೆ ಎರಡಾಗುತ್ತದೆ, ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಬದಲಾಗುತ್ತವೆ. ಹಾಗಾಗಿ ಪ್ರತಿ ಚುನಾವಣೆಯ ಮತಗಟ್ಟೆ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಶಾಲೆಯ ಹೆಸರು ನೋಡಿ ಹೊಂದಿಸಬೇಕು. ನಾನು ಮತಗಟ್ಟೆ ಸಂಖ್ಯೆ ಬಿಟ್ಟು ಶಾಲೆಯ ಹೆಸರಿನಲ್ಲೇ ಸಾಲು ಮಾಡಿಕೊಂಡೆ. ಇನ್ನೊಂದು ವಿಷಯ. 2008ರಲ್ಲಿ ಕ್ಷೇತ್ರ ಮರುವಿಂಗಡಣೆಯಾಗಿ ಹೊಸನಗರ ಕ್ಷೇತ್ರವೇ ಹೋಯಿತು, ಆ ತಾಲ್ಲೂಕಿನ ಒಂದು ಭಾಗ ನಮಗೆ ಸೇರಿತು. 2004ರ ಒಟ್ಟು ಮತವನ್ನು 2008ರ ಜೊತೆ ಸುಮ್ನೆ ಹೋಲಿಸಬಾರದು.

ಹೀಗೆ ಹೊಂದಿಸಿದ ಮೇಲೆ 2013 ಕಣ್ಣಿಗೆ ಬಿತ್ತು. 2008ರಲ್ಲಿ ಸುಮಾರು 58 ಸಾವಿರ ಮತ ಪಡೆದು ಗೆದ್ದ ಕಿಮ್ಮನೆ, 2013ರಲ್ಲಿ 37 ಸಾವಿರಕ್ಕೆ ಇಳಿದೂ ಗೆದ್ದರು! ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಮುನ್ನಡೆಸಿದ ಕೆಜೆಪಿಯಿಂದ ನಿಂತ ಆರ್.ಎಂ. ಮಂಜುನಾಥಗೌಡರಿಗೆ ಸುಮಾರು 36 ಸಾವಿರ, ಜ್ಞಾನೇಂದ್ರರಿಗೆ 34 ಸಾವಿರ. ಮೂರು ಜನ ಸಮಸಮ. 2018ರಲ್ಲಿ ಮಂಜುನಾಥಗೌಡರು ಜೆಡಿಎಸ್‌ನಿಂದ ನಿಂತು 40 ಸಾವಿರ ಪಡೆದರು. ಕಿಮ್ಮನೆಗೆ 45 ಸಾವಿರ, ಗೆದ್ದ ಜ್ಞಾನೇಂದ್ರರಿಗೆ 67 ಸಾವಿರ.

ಮುಂದೆ ಗೌಡರು ಕಾಂಗ್ರೆಸ್ ಸೇರಿದಾಗ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: 45ಕ್ಕೆ 40 ಕೂಡಿಸಿ, 85 ಆಯಿತು, ಬಿಜೆಪಿ ಕಥೆ ಮುಗಿಯಿತು. ನನಗೆ ನಂಬಿಕೆ ಬರಲಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಕೆಲವು ಊರುಗಳಿಗೆ ಹೋದೆ. ಯಾರಿಗೆ ಮತ ಹಾಕ್ತೀರಿ ಅಂತ ಕೇಳಲಿಲ್ಲ. ಹಿಂದಿನ ಸಲ ಯಾಕೆ ಹಾಗೆ ಹಾಕಿದ್ರಿ ಅಂತ ಕೇಳಿದೆ. ಮೆಟ್ಟುಗತ್ತಿ ಮುಂದೆ ಕೂತಿದ್ದ ಒಬ್ಬ ಅಮ್ಮ ಕೈ ನಿಲ್ಲಿಸದೇ ಹೇಳಿದರು, "ಅವ್ರು ಅಲ್ಲಿ ಸೇರಿದ್ರೆ ನಾವೂ ಸೇರ್ಬೇಕಾ ಮಾರಾಯ? ನಾವು ಹಾಕಿದ್ದು ಅವ್ರ ಮುಖ ನೋಡಿ." ಪಕ್ಕದಲ್ಲಿದ್ದ ಅವರ ಮಗ, ತಾನು ಹಾಕಿದ್ದು ಆಗ ಶಾಸಕರಾಗಿದ್ದ ಕಿಮ್ಮನೆ ಮೇಲಿನ ಸಿಟ್ಟಿಗೆ ಅಂದ. ಒಂದೇ ಮನೆ, ಒಂದೇ ಚಿಹ್ನೆ, ಕಾರಣ ಬೇರೆ ಬೇರೆ. ಅಂಥ ಮತವನ್ನು ಒಟ್ಟಿಗೆ ಎತ್ತಿ ಇನ್ನೊಂದು ಪಕ್ಷಕ್ಕೆ ಕೊಡೋದು ಹೇಗೆ?

2023ರಲ್ಲಿ ಜೆಡಿಎಸ್ ಲೆಕ್ಕಕ್ಕಿಲ್ಲದಷ್ಟು ಇಳಿಯಿತು. ಕಾಂಗ್ರೆಸ್ 72 ಸಾವಿರಕ್ಕೆ ಏರಿತು, ಬಿಜೆಪಿ 84 ಸಾವಿರಕ್ಕೆ. ಅಂದರೆ ಎರಡೂ ಕಡೆ ಮತ ಬೆಳೆದಿದೆ. ಅಂತರ ಮಾತ್ರ 22 ಸಾವಿರದಿಂದ 12 ಸಾವಿರಕ್ಕೆ ಬಂತು.

2028ಕ್ಕೆ ಏನು? ನೇರ ಸ್ಪರ್ಧೆಯೇ ಆಗುತ್ತದೆ ಅಂತ ನನ್ನ ಅಂದಾಜು. ಬಿಜೆಪಿ ಜೊತೆ ಜೆಡಿಎಸ್ ಮೈತ್ರಿ ಉಳಿದರೂ ಇಲ್ಲಿ ಅದರಿಂದ ಸಿಗುವುದು ಸ್ವಲ್ಪವೇ. ಅಡಿಕೆಯ ಎಲೆಚುಕ್ಕೆ ರೋಗದಿಂದ ತೋಟ ಕಳೆದುಕೊಂಡವರು, ಅರಣ್ಯ ಭೂಮಿಯ ಹಕ್ಕುಪತ್ರಕ್ಕೆ ಕಾಯುತ್ತಿರುವವರು ಯಾರ ಮಾತು ನಂಬುತ್ತಾರೆ ಅನ್ನೋದೇ ದೊಡ್ಡ ಪ್ರಶ್ನೆ. ಬೆಂಗಳೂರಿನಲ್ಲಿರುವ ಹುಡುಗರು ರಾತ್ರಿ ಬಸ್ ಹತ್ತಿ ಬಂದು ಮತ ಹಾಕಿ ಹೋಗುತ್ತಾರೆ. ಊರಲ್ಲಿ ಎಷ್ಟು ಸುತ್ತಿದರೂ ಅವರ ಮನಸ್ಸು ಸಿಗುವುದಿಲ್ಲ. ಅದಕ್ಕೆ ಹಬ್ಬದ ರಜೆಯಲ್ಲಿ ಅವರು ಬಂದಾಗಲೇ ಮಾತಾಡಿಸುತ್ತಿದ್ದೇನೆ. ಮುಂದೆ ಮತ್ತೆ ಮರುವಿಂಗಡಣೆಯಾಗಿ ಗಡಿ ಬದಲಾದರೂ, ಶಾಲೆವಾರು ಲೆಕ್ಕ ಇದ್ದರೆ ಹೊಸ ಕ್ಷೇತ್ರದ ಹಳೆಯ ಮತ ಕೂಡಿಸೋಕೆ ಒಂದು ದಿನ ಸಾಕು.